ಕಂಬಿಯ ಬದಲು ಪೊರಕೆ

ಸೂಜಿಯಮ್ಮ ಮಗನ ಚೀಲ ಕಟ್ಟುತ್ತಿದ್ದಳು. ಅಂಗಿ, ಟವಲು, ದಪ್ಪನೆಯ ಹೊದಿಕೆ, ಕೆಮ್ಮಿನ ಔಷಧಿ. ಚೀಲ ಹೊಸದು. ಮನೆಯ ಬಾಗಿಲು ಅಗಲವಾಗಿ ತೆರೆದಿತ್ತು. ಚೀಲ ಕಟ್ಟುವುದು ಬೀದಿಗೆ ಕಾಣಲಿ ಎಂದೇ ತೆರೆದಿಟ್ಟಿದ್ದಳು.

"ಏನು ಸೂಜಿಯಮ್ಮ, ಮಗ ಎಲ್ಲಿಗೋ ಹೊರಟ ಹಾಗಿದೆ?" ಮಹಡಿ ಮನೆಯವಳು ಮೆಟ್ಟಿಲಿಳಿಯುತ್ತ ಕೇಳಿದಳು.

"ಹೂಂ ಕಣಮ್ಮ, ದೂರದ ಊರು. ದೊಡ್ಡ ಕಟ್ಟಡಕ್ಕೆ ಬಣ್ಣ ಹೊಡೀಬೇಕಂತೆ. ಇವನೇ ಬರಬೇಕು ಅಂತ ಪಟ್ಟು ಹಿಡಿದು ಕೂತಿದ್ದಾರೆ."

"ಹೌದಾ! ಅಲ್ಲಿ ಕಂಬಳಿ ಚೆನ್ನಾಗಿ ಸಿಗತ್ತಾ? ಬರ್ತಾ ನಮಗೂ ಒಂದು ತರೋಕೆ ಹೇಳಿ."

"ಅದಕ್ಕೇನಂತೆ, ಹೇಳ್ತೀನಿ."

ಒಳಗೆ ಗೋಡೆಗೆ ಒರಗಿ ಕೂತಿದ್ದ ಮಗ ತಲೆ ಎತ್ತಲಿಲ್ಲ. ಅವನು ಹೊರಟಿದ್ದು ಯಾವ ಊರಿಗೂ ಅಲ್ಲ. ಮರುದಿನ ನ್ಯಾಯಾಲಯದಲ್ಲಿ ಅವನ ಶಿಕ್ಷೆ ತೀರ್ಮಾನವಾಗಬೇಕಿತ್ತು. ಅಲ್ಲಿಂದ ಅವನು ನೇರವಾಗಿ ಜೈಲಿಗೆ ಹೋಗುತ್ತಾನೆ ಎಂದು ತಾಯಿ ಆಗಲೇ ಲೆಕ್ಕ ಹಾಕಿಬಿಟ್ಟಿದ್ದಳು.

ಅವನು ಬಣ್ಣ ಬಳಿಯುವವನು. ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋದಾಗ ಎರಡು ಡಬ್ಬ ಹಸಿರು ಬಣ್ಣ ಎತ್ತಿಕೊಂಡು ಬಂದಿದ್ದ. ಮಾರಲಿಕ್ಕಲ್ಲ. "ಊರಿಗೆಲ್ಲ ಬಣ್ಣ ಬಳೀತೀಯ, ನಮ್ಮ ಗೋಡೆ ನೋಡು, ಚರ್ಮರೋಗ ಬಂದ ಹಾಗಿದೆ" ಎಂದು ತಾಯಿ ದಿನಾ ಚುಚ್ಚುತ್ತಿದ್ದಳು. ಹರಿದ ಬಟ್ಟೆ ಹೊಲಿಯುವ ಆಕೆಗೆ ಸೂಜಿಯಮ್ಮ ಎಂಬ ಹೆಸರು ಬಂದದ್ದು ಬರೀ ಹೊಲಿಗೆಯಿಂದಲ್ಲ. ಅರ್ಧ ಗೋಡೆ ಹಸಿರಾಗುವಷ್ಟರಲ್ಲಿ ಪೊಲೀಸರು ಬಂದರು. ಅವನು ಸುಳ್ಳು ಹೇಳಲಿಲ್ಲ. ತುಂಬಿದ್ದ ಡಬ್ಬ ಹಿಂದಿರುಗಿಸಿದ, ಖರ್ಚಾಗಿದ್ದಕ್ಕೆ ಹೊಸ ಡಬ್ಬ ತಂದುಕೊಟ್ಟ. ಗೋಡೆ ಮಾತ್ರ ಹಾಗೇ ಉಳಿಯಿತು, ಅರ್ಧ ಹಸಿರು, ಅರ್ಧ ಚರ್ಮರೋಗ.

ಆ ಸಂಜೆ ಉಚಿತ ಕಾನೂನು ನೆರವು ಕೇಂದ್ರದ ವಕೀಲೆ ಬಂದಳು. ಎಂಥ ಸೆಕೆಯಲ್ಲೂ ತೋಳ ಮೇಲೆ ಕಪ್ಪು ಕೋಟು ಹೊತ್ತು ತಿರುಗುವ ಆಕೆಯನ್ನು ಬೀದಿಯವರು ಕೋಟಕ್ಕ ಎನ್ನುತ್ತಿದ್ದರು. ಅವಳು ಒಳಗೆ ಕಾಲಿಟ್ಟದ್ದೇ ತಡ, ಸೂಜಿಯಮ್ಮ ಬಾಗಿಲು ಮುಚ್ಚಿದಳು.

"ನೋಡಿ ಅಮ್ಮ, ನಮ್ಮ ಶಾಸನಸಭೆ ಅಂಗೀಕರಿಸಿದ ದಂಡನೆ ತಿದ್ದುಪಡಿ ಕಾಯಿದೆಯ ಪ್ರಕಾರ, ಪ್ರಥಮ ಅಪರಾಧದ ಸಂದರ್ಭದಲ್ಲಿ..."

"ತಾಯಿ, ಮನುಷ್ಯರು ಮಾತಾಡೋ ಹಾಗೆ ಮಾತಾಡು."

ಕೋಟಕ್ಕ ನಕ್ಕಳು. ಕೋಟನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು.

"ಸರಿ. ಮೊದಲೆಲ್ಲ ಸಣ್ಣ ಕಳ್ಳತನ ಆದ್ರೂ ಸೀದಾ ಜೈಲು. ಈಗ ಕಾನೂನು ಬದಲಾಗಿದೆ. ಮೊದಲನೇ ಸಲ ತಪ್ಪು ಮಾಡಿರಬೇಕು, ಅದೂ ಸಣ್ಣದಾಗಿರಬೇಕು. ತಪ್ಪು ಒಪ್ಪಿಕೊಂಡಿರಬೇಕು, ತೊಗೊಂಡಿದ್ದನ್ನ ವಾಪಸ್ ಕೊಟ್ಟಿರಬೇಕು. ಅಂಥವರನ್ನ ಜೈಲಿಗೆ ಕಳಿಸೋ ಮುಂಚೆ, ಇವರ ಕೈಲಿ ಊರಿಗೆ ಉಪಯೋಗ ಆಗೋ ಕೆಲಸ ಮಾಡಿಸಬಹುದಾ ಅಂತ ನ್ಯಾಯಾಧೀಶರು ನೋಡಲೇಬೇಕು. ಇಲ್ಲ, ಜೈಲೇ ಸರಿ ಅಂದ್ರೆ ಯಾಕೆ ಅಂತ ಕಾರಣ ಬರೀಬೇಕು."

"ನ್ಯಾಯಾಧೀಶರು ಕಾರಣ ಬರೀಬೇಕಾ? ನಮ್ಮಂಥೋರಿಗೆ?"

"ನಿಮ್ಮಂಥೋರಿಗೇ."

ಇಂಥ ಒಂದು ಸಾಲಿಗಾಗಿ ಎಷ್ಟು ಕಾಲ ಕಾಯಬೇಕಾಯಿತು! ಬಡವನನ್ನು ಒಳಗೆ ನೂಕಲು ಅದುವರೆಗೆ ಯಾರೂ ಯಾರಿಗೂ ಕಾರಣ ಹೇಳಬೇಕಿರಲಿಲ್ಲ. ಊರನ್ನೇ ನುಂಗಿದವರು ಜಾಮೀನಿನ ಮೇಲೆ ಮನೆಯಲ್ಲಿ ನಿದ್ದೆ ಮಾಡುವಾಗ, ಡಬ್ಬ ಕದ್ದವನು ಕಂಬಿ ಎಣಿಸುತ್ತಿದ್ದ.

ಕೋಟಕ್ಕ ಮುಂದುವರಿಸಿದಳು. "ಅದೇ ಕಾನೂನು ಇನ್ನೊಂದು ಕಡೆ ಬಿಗಿಯಾಗಿದೆ. ಹಗ್ಗ ಕಟ್ಟದೆ ನಿಮ್ಮ ಮಗನ್ನ ಎತ್ತರಕ್ಕೆ ಹತ್ತಿಸ್ತಾನಲ್ಲ ಗುತ್ತಿಗೆದಾರ, ಯಾರಾದ್ರೂ ಬಿದ್ದು ಸತ್ತರೆ ಅವನು ಮೊದಲು ದಂಡ ಕಟ್ಟಿ ಮನೆಗೆ ಹೋಗ್ತಿದ್ದ. ಈಗ ಜೈಲಿಗೆ ಹೋಗ್ತಾನೆ."

"ಅದು ಸರಿ!" ಸೂಜಿಯಮ್ಮ ತೊಡೆ ತಟ್ಟಿದಳು. ಆಮೇಲೆ ಮುಖ ಬಿಗಿದುಕೊಂಡಳು. "ಆದ್ರೆ ನಮ್ಮ ಹುಡುಗನಿಗೆ ಏನು ಕೆಲಸ ಕೊಡ್ತಾರೆ?"

"ಆರೋಗ್ಯ ಕೇಂದ್ರದ ಅಂಗಳ ಗುಡಿಸೋದು, ಕಿಟಕಿ ಒರೆಸೋದು. ಬೆಳಿಗ್ಗೆ ಹೊತ್ತು ಅಷ್ಟೆ. ಆಮೇಲೆ ಬಣ್ಣದ ಕೆಲಸಕ್ಕೆ ಹೋಗಬಹುದು, ಸಂಜೆ ಮನೇಲಿರಬಹುದು. ಮೈಗಳ್ಳತನ ಮಾಡಿ ತಪ್ಪಿಸಿಕೊಂಡ್ರೆ ಮಾತ್ರ ಜೈಲು ಕಾದಿರತ್ತೆ. ಇನ್ನೊಂದು ಮಾತು, ಇದಕ್ಕೆ ನಿಮ್ಮ ಮಗನೇ ಒಪ್ಪಬೇಕು. ಒಪ್ಪಿಗೆ ಇಲ್ಲದೆ ಯಾರೂ ಮಾಡಿಸೋ ಹಾಗಿಲ್ಲ."

ಎಲ್ಲರ ಕಣ್ಣೂ ಮಗನ ಕಡೆ ತಿರುಗಿದವು.

"ನಾನು ಬೇಡ ಅಂತೀನಿ," ಅವನು ನೆಲ ನೋಡುತ್ತಲೇ ಹೇಳಿದ. "ಬೀದಿಗೆ ಕಾಣೋ ಯಾವ ಶಿಕ್ಷೆಗೂ ಒಪ್ಪಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ."

ಕೋಟಕ್ಕನಿಗೆ ನಂಬಲಾಗಲಿಲ್ಲ. "ಮಗ ಜೈಲಿಗೆ ಹೋಗಲಿ ಅಂತ ನೀವೇ ಮಾತು ತೊಗೊಂಡ್ರಾ?"

"ಹೂಂ, ತೊಗೊಂಡೆ!" ಸೂಜಿಯಮ್ಮ ಸಿಡಿದಳು. "ಆರೋಗ್ಯ ಕೇಂದ್ರ ಎಲ್ಲಿದೆ ಗೊತ್ತಾ? ಬೀದಿ ಕೊನೇಲಿ. ನೆಗಡಿ ಬಂದೋರು, ಬಸುರಿಯರು, ಹಲ್ಲು ನೋವಿನೋರು, ಎಲ್ಲಾ ಅಲ್ಲಿಗೇ ಬರೋದು. ಅವರ ಕಣ್ಮುಂದೆ ನನ್ನ ಮಗ ಪೊರಕೆ ಹಿಡಿದು ನಿಲ್ಲಬೇಕಾ? ಜೈಲಾದ್ರೆ ಒಳಗಿರತ್ತೆ, ಯಾರಿಗೂ ಕಾಣಲ್ಲ. ದೂರದ ಊರಿಗೆ ಹೋಗಿದ್ದ, ಬಂದ, ಮುಗೀತು. ಪೊರಕೆ ಕಾಣತ್ತಲ್ಲಮ್ಮ!"

ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನಿದ್ದ ಸೊಸೆ ಎದ್ದು ನಿಂತಳು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ.

"ಅತ್ತೆ, ನಿಮಗೆ ಬೀದಿ ಬೇಕು. ನನಗೆ ಗಂಡ ಬೇಕು," ಎಂದವಳೇ ಚಪ್ಪಲಿ ಮೆಟ್ಟಿ ಹೊರಟಳು.

"ಎಲ್ಲಿಗೆ ಹೊರಟೆ ಕಣೇ?"

ಅವಳು ಆಗಲೇ ಬೀದಿಗಿಳಿದಿದ್ದಳು. ಸ್ವಲ್ಪ ಹೊತ್ತಿಗೆ ಬೀಗದಣ್ಣನನ್ನು ಕರೆದುಕೊಂಡು ಬಂದಳು.

ಬೀಗದಣ್ಣನ ಅಂಗಡಿ ಬೀದಿಯ ತಿರುವಿನಲ್ಲಿತ್ತು. ಮೇಲೆ ತಗಡಿನ ದೊಡ್ಡ ಬೀಗದಕೈ ನೇತಾಡುತ್ತಿತ್ತು. ಆದರೆ ಅವನು ಬೀಗ ರಿಪೇರಿ ಮಾಡಿದ್ದನ್ನು ಕಂಡವರಿಲ್ಲ. ಕೊಡೆ, ಸ್ಟೌ, ಟಾರ್ಚು, ಇಷ್ಟೇ ಅವನ ಕೈಗೆ ಬರುತ್ತಿದ್ದವು. ಹರೆಯದಲ್ಲಿ ಒಂದು ಸೈಕಲ್ ಕದ್ದು ಜೈಲು ಕಂಡವನು ಅವನು.

ಅವನು ಹೊಸ್ತಿಲವರೆಗೆ ಬಂದಾಗ ಸೂಜಿಯಮ್ಮನ ಕಣ್ಣು ತನಗೇ ತಿಳಿಯದಂತೆ ಮೂಲೆಯ ಟ್ರಂಕಿನ ಕಡೆ ಹೋಗಿ ಬಂತು. ಬೀಗದಣ್ಣ ಅದನ್ನು ಕಂಡ. ಒಳಗೆ ಬರದೆ ಹೊಸ್ತಿಲ ಮೇಲೆಯೇ ಕೂತ.

"ಅಕ್ಕ, ಚೀಲ ಚೆನ್ನಾಗಿದೆ," ಎಂದ. "ನಮ್ಮಮ್ಮನೂ ಹಿಂಗೇ ಕಟ್ಟಿದ್ಲು. ಬೀದೀಗೆಲ್ಲ ಏನು ಹೇಳಿದ್ಲು, ನೆನಪಿದೆಯಾ?"

ಸೂಜಿಯಮ್ಮ ಚೀಲವನ್ನು ಗೋಡೆಯ ಕಡೆಗೆ ಸರಿಸಿದಳು.

"ಸೋದರಮಾವನ ಊರಲ್ಲಿ ಕೆಲಸ ಸಿಕ್ತು ಅಂದಿದ್ಲು. ನೀವು ನಂಬಿದ್ರಾ?"

"ನಂಬಿದ್ದೆ," ಸೂಜಿಯಮ್ಮ ಮೆಲ್ಲಗೆ ಹೇಳಿದಳು. "ನಂಬದೆ ಏನು?"

"ಹಂಗಾದ್ರೆ ನಾನು ಬಂದ ವಾರದಲ್ಲೇ ಮನೆ ಬೀಗ ಬದಲಾಯಿಸಿದ್ರಲ್ಲ, ಯಾಕಕ್ಕ?"

ಮಹಡಿಯ ಮೇಲೆ ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಸೊಸೆ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಸೂಜಿಗೆ ದಾರ ಸಿಗದೆ ಹೋದದ್ದು ಸೂಜಿಯಮ್ಮನ ಬದುಕಿನಲ್ಲಿ ಬಹುಶಃ ಅದೇ ಮೊದಲು.

"ತಪ್ಪು ತಿಳ್ಕೋಬೇಡಿ. ನೀವೊಬ್ಬರೇ ಅಲ್ಲ, ಬೀದಿ ಪೂರ್ತಿ ಬದಲಾಯಿಸ್ತು. ಆ ತಿಂಗಳು ಬೀಗದ ವ್ಯಾಪಾರ ಜೋರು, ನನಗೊಬ್ಬನಿಗೆ ಬಿಟ್ಟು." ಅವನು ನಕ್ಕ. ನಗು ಬೇಗ ಆರಿತು. "ಜೈಲು ಕಾಣಲ್ಲ ಅಂತೀರ. ಜೈಲಷ್ಟು ಕಾಣೋದು ಯಾವುದೂ ಇಲ್ಲಕ್ಕ. ಒಳಗೆ ಹೋದವನ ಬಗ್ಗೆ ಜನ ಏನು ಬೇಕಾದ್ರೂ ಕಟ್ಟಿ ಹೇಳ್ತಾರೆ. ನಾನು ಕದ್ದಿದ್ದು ಒಂದು ಸೈಕಲ್. ವಾಪಸ್ ಬರೋ ಹೊತ್ತಿಗೆ ನಾನು ಬ್ಯಾಂಕ್ ಒಡೆದವನು! ಅದೇ ಪೊರಕೆ ಹಿಡಿದು ಕಣ್ಮುಂದೆ ನಿಂತಿದ್ರೆ, ಏನು ಮಾಡಿದ, ಏನು ತೀರಿಸಿದ, ಎಲ್ಲಾ ಕಾಣ್ತಿತ್ತು."

"ಒಳಗೆ ಏನಾದ್ರೂ ಕಲಿಸ್ತಾರಾ ಅಣ್ಣ?" ಮಗ ಮೊದಲ ಸಲ ತಲೆ ಎತ್ತಿದ.

"ಕಲಿಸ್ತಾರೆ, ಕಲಿಸ್ತಾರೆ! ನಮ್ಮಪ್ಪ ನನಗೆ ಕೆಟ್ಟ ಬೀಗ ಸರಿ ಮಾಡೋದು ಕಲಿಸಿದ್ದ. ಒಳಗಿದ್ದ ಮೇಷ್ಟ್ರುಗಳು ಚೆನ್ನಾಗಿರೋ ಬೀಗ ಕೆಡಿಸೋದು ಕಲಿಸೋಕೆ ಬಂದ್ರು. ಪುಣ್ಯಕ್ಕೆ ನಾನು ದಡ್ಡ ವಿದ್ಯಾರ್ಥಿ."

ಕೋಟಕ್ಕ ಆಗ ಒಂದು ವಿಷಯ ಹೇಳಿದಳು. ಈ ಕಾನೂನಿನ ಕರಡು ಬಂದಾಗ ಸರ್ಕಾರದ ಸಮಿತಿ ಜನರ ಮಾತು ಕೇಳಿತ್ತು. ಬೀಗದಣ್ಣನಂಥ ಎಷ್ಟೋ ಮಂದಿ ಅಲ್ಲಿ ಎದ್ದು ನಿಂತು, ಜೈಲು ತಮ್ಮ ಕೈಯಿಂದ ಏನೇನು ಕಿತ್ತುಕೊಂಡಿತು ಎಂದು ಹೇಳಿದ್ದರು. ಅವರಿಗಿಂತ ಮುಂಚೆ ಅವರ ತಾಯಂದಿರು, ಹೆಂಡಂದಿರು ಶಾಸನಸಭೆಯ ಎದುರು ಬಿಸಿಲಲ್ಲಿ ಕೂತಿದ್ದರು. ಈ ಕಾನೂನು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಭಿಕ್ಷೆಯಲ್ಲ. ಸೋತವರು ತಮ್ಮ ಸೋಲನ್ನು ನಾಚಿಕೆ ಬಿಟ್ಟು ಹೇಳಿಕೊಂಡು, ಮುಂದಿನವರಿಗಾಗಿ ಗೆದ್ದುಕೊಟ್ಟದ್ದು. ಅಂಥವರಿಗೆ ಕೈ ಮುಗಿಯಬೇಕು.

ಸೂಜಿಯಮ್ಮ ಚೀಲ ಬಿಚ್ಚಲಿಲ್ಲ. ಮರುದಿನ ಅದೇ ಚೀಲ ಹಿಡಿದು ನ್ಯಾಯಾಲಯಕ್ಕೆ ಹೋದಳು.

ಶಿಕ್ಷೆ ಹೇಳುವ ಮೊದಲು, ಕಳೆದುಕೊಂಡವರ ಮಾತನ್ನೂ ಕೇಳಬೇಕು ಎನ್ನುತ್ತದೆ ಹೊಸ ಕಾನೂನು. ನ್ಯಾಯಾಧೀಶೆ ಔಷಧಿ ಅಂಗಡಿಯ ಯಜಮಾನಿಯನ್ನು ಕರೆದು, "ನಿಮಗೆ ಹೇಳೋದೇನಾದ್ರೂ ಇದೆಯಾ?" ಎಂದು ಕೇಳಿದರು.

"ಡಬ್ಬ ಬಂತು ಮೇಡಂ," ಆಕೆ ಹೇಳಿದಳು. "ತಪ್ಪಾಯ್ತು ಅನ್ನೋ ಮಾತು ಮಾತ್ರ ಇನ್ನೂ ಬಂದಿಲ್ಲ. ನಾನು ಅಂಗಡಿ ಬೀಗದಕೈ ಇವನ ಕೈಗೆ ಕೊಟ್ಟು ಊಟಕ್ಕೆ ಹೋಗ್ತಿದ್ದೆ. ನನಗೆ ನೋವಾಗಿರೋದು ಅದಕ್ಕೆ."

ಮಗನ ಕಿವಿ ಕೆಂಪಾಯಿತು. ಅವನು ಆಕೆಯ ಕಡೆ ತಿರುಗಿದ. "ತಪ್ಪಾಯ್ತಕ್ಕ. ನೀವು ನಂಬಿದ್ರಿ, ನಾನು ಕೆಡಿಸಿದೆ."

ಆಕೆ ತಲೆಯಾಡಿಸಿ ಕೂತಳು. ನ್ಯಾಯಾಧೀಶೆ ಅವನನ್ನು ಕೇಳಿದರು. "ಜೈಲಿನ ಬದಲು ಆರೋಗ್ಯ ಕೇಂದ್ರದಲ್ಲಿ ಸೇವೆ ಮಾಡೋಕೆ ನಿಮ್ಮ ಒಪ್ಪಿಗೆ ಇದೆಯಾ?"

ಅವನು ಹಿಂದಿನ ಬೆಂಚಿನ ಕಡೆ ನೋಡಿದ. ಅಲ್ಲಿ ತಾಯಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾತು ಕೊಟ್ಟಾಗಿತ್ತು. ಅವನ ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ.

ಚೀಲ ದೊಪ್ಪನೆ ನೆಲಕ್ಕೆ ಬಿತ್ತು. ಸೂಜಿಯಮ್ಮ ಎದ್ದು ನಿಂತಿದ್ದಳು.

"ಒಪ್ಕೊಳೋ! ನಿನ್ನ ಮಾತು ನಿನಗೆ ವಾಪಸ್ ಕೊಟ್ಟಿದ್ದೀನಿ!"

"ಏಯ್ ಅಮ್ಮ, ಕೂತ್ಕೊಳ್ಳಿ," ನ್ಯಾಯಾಲಯದ ಜವಾನ ಗದರಿದ.

"ಅವರು ಕೂತ್ಕೊಳ್ಳಲಿ," ನ್ಯಾಯಾಧೀಶೆ ಹೇಳಿದರು. ಅವರ ತುಟಿಯಂಚಿನಲ್ಲಿ ನಗುವಿತ್ತೋ ಏನೋ. "ಉತ್ತರ ಇವರ ಬಾಯಿಂದಲೇ ಬರಬೇಕು."

"ಒಪ್ಪಿಗೆ ಇದೆ," ಮಗ ಹೇಳಿದ. ಈ ಸಲ ಹಿಂದಿನ ಬೆಂಚಿನವರೆಗೂ ಕೇಳಿಸಿತು.

ಮರುವಾರ ಆರೋಗ್ಯ ಕೇಂದ್ರದ ಅಂಗಳದಲ್ಲಿ ಎಲೆ, ಚೀಟಿ, ಹತ್ತಿಯ ಉಂಡೆಗಳು ಒಂದು ಕಡೆ ಗುಡ್ಡೆಯಾಗಿದ್ದವು. ಪೊರಕೆ ಹಿಡಿದವನು ಬೆವರು ಒರೆಸಿಕೊಳ್ಳುತ್ತಿದ್ದ. ಸೂಜಿಯಮ್ಮ ತಿಂಡಿಯ ಡಬ್ಬಿ ಹಿಡಿದು ಓಣಿಯಿಂದ ಸುತ್ತಿಕೊಂಡು ಬರಲಿಲ್ಲ. ಬೀದಿಯ ನಟ್ಟನಡುವೆ ನಡೆದುಕೊಂಡು ಬಂದಳು. ಗೇಟಿನ ಹತ್ತಿರ ಮಹಡಿ ಮನೆಯವಳು ಸಿಕ್ಕಳು, ಕೆನ್ನೆಗೆ ಕೈ ಒತ್ತಿಕೊಂಡು. ಅವಳಿಗೆ ಹಲ್ಲು ನೋವು. ಆದರೂ ನಾಲಿಗೆಗೆ ನೋವಿರಲಿಲ್ಲ.

"ಏನು ಸೂಜಿಯಮ್ಮ, ದೂರದ ಊರು ಇಷ್ಟು ಹತ್ತಿರ ಇತ್ತಾ?"

"ಹೂಂ ಕಣಮ್ಮ, ನಡ್ಕೊಂಡೇ ಬರಬಹುದು," ಸೂಜಿಯಮ್ಮ ಅಂಗಳಕ್ಕೆಲ್ಲ ಕೇಳಿಸುವಂತೆ ಹೇಳಿದಳು. "ನನ್ನ ಮಗ ತಪ್ಪು ಮಾಡಿದ್ದ, ತೀರಿಸ್ತಿದ್ದಾನೆ. ಕಣ್ತುಂಬ ನೋಡ್ಕೋ. ಕಂಬಳಿ ಮಾತ್ರ ಇಲ್ಲಿ ಸಿಗಲ್ಲ."

ಸಾಲಿನಲ್ಲಿ ಕೂತಿದ್ದ ಬಸುರಿಯೊಬ್ಬಳು ಫಕ್ಕನೆ ನಕ್ಕಳು. ಹಲ್ಲು ನೋವಿನವಳಿಗೂ ನಗು ತಡೆಯಲಾಗಲಿಲ್ಲ. ನಕ್ಕು, ನೋವಾಗಿ, ಮತ್ತೆ ಕೆನ್ನೆ ಹಿಡಿದುಕೊಂಡಳು.

ಹಿಂದಿರುಗುವಾಗ ಸೂಜಿಯಮ್ಮ ತಿರುವಿನ ಅಂಗಡಿಯ ಮುಂದೆ ನಿಂತಳು. ಸೆರಗಿನ ಗಂಟು ಬಿಚ್ಚಿ, ಮನೆಯ ಬೀಗದಕೈ ತೆಗೆದು ಬೀಗದಣ್ಣನ ಮುಂದಿಟ್ಟಳು.

"ಸೊಸೆಗೆ ಒಂದು ಬೇಕು. ಇದರ ಹಾಗೇ ಇನ್ನೊಂದು ಮಾಡಿಕೊಡು."

ಬೀಗದಣ್ಣ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಬೀಗದಕೈ ಉಜ್ಜುವ, ಧೂಳು ಹಿಡಿದಿದ್ದ ಅರ ಹುಡುಕಲು ಮೇಜಿನ ಕೆಳಗೆ ಬಗ್ಗಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥದೊಂದು ಚೀಲ ಕಟ್ಟಿಟ್ಟಿದ್ದರೆ ಮೊದಲು ಅದನ್ನು ಬಿಚ್ಚಿ. ಶಿಕ್ಷೆ ತೀರ್ಮಾನವಾಗುವ ಮುನ್ನವೇ ಹತ್ತಿರದ ಕಾನೂನು ನೆರವು ಕೇಂದ್ರಕ್ಕೆ ಹೋಗಿ, ನಿಮ್ಮ ರಾಜ್ಯದ ಕಾನೂನು ಈಗ ಏನು ಹೇಳುತ್ತದೆ ಎಂದು ಕೇಳಿ. ಬಡವರಿಗೆ ಅಲ್ಲಿ ಉಚಿತವಾಗಿ ನೆರವು ಸಿಗುತ್ತದೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಮನುಷ್ಯರು ಮಾತಾಡುವ ಹಾಗೆ ಹೇಳಿ ಎಂದು ಕೇಳಿ. ಕಳೆದುಕೊಂಡವರು ನೀವಾಗಿದ್ದರೆ, ನಿಮ್ಮ ನೋವನ್ನು ನ್ಯಾಯಾಧೀಶರ ಮುಂದೆ ಹೇಳಲು ದಾರಿ ಇದೆಯೇ ಎಂದು ವಿಚಾರಿಸಿ. ಎಲ್ಲೂ ಬಾಯಿ ಮುಚ್ಚಿಕೊಂಡು ಕೂರಬೇಡಿ.

ಬೀದಿಯವರೇ, ನಿಮಗೂ ಒಂದು ಮಾತು. ಕಾನೂನು ತನ್ನ ಕೆಲಸ ಮಾಡಿದರೂ ಉಳಿದ ಅರ್ಧ ಗೋಡೆ ನಿಮ್ಮದು. ತಪ್ಪು ತೀರಿಸಲು ಪೊರಕೆ ಹಿಡಿದವನು ಎದುರಾದರೆ ಮುಖ ತಿರುಗಿಸಬೇಡಿ. ಅವನು ತೀರಿಸಿ ಮುಗಿಸಿದ ದಿನ, ನಿಮ್ಮ ಮನೆಯ ಕೆಲಸಕ್ಕೆ ಅವನನ್ನೇ ಕರೆಯಿರಿ. ಬೀಗದಕೈ ಅವನ ಕೈಗೆ ಕೊಡಿ.