ದವಡೆಹಲ್ಲಿನ ಜನಸಂಖ್ಯೆ

"ಸರಿಯಾಗಿ ಕಾಲು ಹಿಡ್ಕೊಳ್ಳೋ ಮುಠ್ಠಾಳ! ನನ್ ಬೂಟು ನೆನೀತಿದೆ!"

ಹಿಡಿದುಕೊಂಡೆ. ಗಿಟೆನ್ಸ್ ಸಾಹೇಬರು ರಾಜಧಾನಿಯಿಂದ ಬಂದ ಅಳತೆ ಅಧಿಕಾರಿ. ನಾವು ದವಡೆಹಲ್ಲು ಎನ್ನುವ ಈ ನಡುಗಡ್ಡೆಯಲ್ಲಿ ದೋಣಿ ಕಟ್ಟಿಹಾಕುವ ಜಾಗವಿಲ್ಲ. ಮೂರನೆಯ ಅಲೆ ದೋಣಿಯನ್ನು ಎತ್ತಿದಾಗ ಬಂಡೆಗೆ ಹಾರಬೇಕು. ಎರಡನೆಯದಕ್ಕೆ ಹಾರಿದವನು ಮೀನಿನ ಪಾಲು. ವಾಪಸಾಗುವಾಗಲೂ ಅದೇ ಲೆಕ್ಕ. ಮೂರನೆಯ ಅಲೆ ಯಾವುದೆಂದು ಗುರುತಿಸುವ ವಿದ್ಯೆ ಸಾಹೇಬರ ಪಾಠದಲ್ಲಿ ಇರಲಿಲ್ಲವಂತೆ. ಅದಕ್ಕೇ ನಾನು ಅವರನ್ನು ಎತ್ತಿ ದಾಟಿಸಿದೆ. ದೊಡ್ಡವರ ಕಾಲು ಹಿಡಿಯುವುದು ನಮಗೇನೂ ಹೊಸದಲ್ಲ.

ನನ್ನ ಸೋದರತ್ತೆ ಯೂಡೋರಾ, ಎಪ್ಪತ್ತು ದಾಟಿದವಳು, ರಮ್ ಬಾಟಲಿ ಹಿಡಿದು ಬರಿಗಾಲಲ್ಲಿ ಹಾರಿದಳು. ಭಾವ ಲಿಂಡೆಲ್ ದೋಣಿಯಲ್ಲೇ ಉಳಿದ.

ಸಾಹೇಬರು ರೊಟ್ಟಿ, ಉಪ್ಪುಮೀನು ಮೆಲ್ಲುತ್ತ ಬರೆದುಕೊಂಡರು. "ಉದ್ದ ನಾನೂರು ಹೆಜ್ಜೆ. ನೀರಿಲ್ಲ. ಮರವಿಲ್ಲ. ಜನವಸತಿ ಇಲ್ಲ. ಇತಿಹಾಸ ಇಲ್ಲ."

ರೊಟ್ಟಿ ಮುಗಿಯುವುದರೊಳಗೆ ಇತಿಹಾಸವೂ ಮುಗಿಯಿತು. ಈ ಕಾಗದಕ್ಕೆ ಮುದ್ರೆ ಬಿದ್ದರೆ ದವಡೆಹಲ್ಲು ಹೋಟೆಲ್ ಕಟ್ಟುವವರ ಪಾಲು. ನಾವು ಇಲ್ಲಿ ಕಾಲಿಡುವಂತಿಲ್ಲ. ನಮ್ಮನ್ನು ಯಾರೂ ಕೇಳಿರಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?

"ಸಾಮಿ, ಒಂದ್ ಗೆರೆ ಬರ್ಕಳಿ," ಎಂದಳು ಅತ್ತೆ. "ಇಪ್ಪತ್ಮೂರ್ ಜನ ಇಲ್ಲಿ ಮಲಗವ್ರೆ. ಅಗೋ ಶಂಖ. ತಲೆಗೊಂದು."

ಹಕ್ಕಿಯ ಹಿಕ್ಕೆ ದೊರೆಗಳ ಹೊಲಕ್ಕೆ ಗೊಬ್ಬರವಾಗುತ್ತದೆಂದು ಗೊತ್ತಾದ ಕಾಲದಲ್ಲಿ ಒಂದು ಕಂಪನಿ ನಮ್ಮ ಇಪ್ಪತ್ತೇಳು ಜನರನ್ನು ತಂದು ಇಲ್ಲಿ ಇಳಿಸಿತ್ತು. ಹಿಕ್ಕೆ ಮುಗಿದ ದಿನ ಗೊಬ್ಬರವೆಲ್ಲ ಹಡಗು ಹತ್ತಿತು, ಅಗೆದವರಿಗೆ ಮಾತ್ರ ಜಾಗವಿರಲಿಲ್ಲ. ಇನ್ನೊಂದು ಹಡಗು ಬರುತ್ತದೆ ಎಂದು ಹೇಳಿ ಹೋದರು, ಪಾಪ. ಆರು ವಾರದ ಮೇಲೆ ನಮ್ಮ ಮೀನುದೋಣಿ ಬಂದಾಗ ಉಸಿರಾಡುತ್ತಿದ್ದವರು ನಾಲ್ವರು. ಗೋರಿಗೆ ಶಂಖ ಇಡುವುದು ನಮ್ಮ ವಾಡಿಕೆ. ಆ ನಾಲ್ವರೇ ಇಟ್ಟು ಬಂದರು. ಅಂದಿನಿಂದ ವರ್ಷಕ್ಕೊಮ್ಮೆ ನಮ್ಮ ಮನೆಯವರು ಬಂದು ರಮ್ ಎರೆಯುತ್ತಾರೆ.

ಸಾಹೇಬರು ನಕ್ಕರು. "ಹಿಕ್ಕೆ ಬಾಚೋರ್ದೆಲ್ಲ ಇತಿಹಾಸ ಆಗತ್ತೇನಮ್ಮ? ಇಲ್ಲಿ ಈಜುಕೊಳ ಬರತ್ತೆ. ಒಬ್ಬನಾದ್ರೂ ಇಲ್ಲಿ ವಾಸ ಇದ್ರೆ ತೋರ್ಸು, ಬರೀತೀನಿ."

ಆಮೇಲೆ ಬಗ್ಗಿ ಎಲ್ಲಕ್ಕಿಂತ ದೊಡ್ಡ ಶಂಖವನ್ನು ಕಿತ್ತರು. "ನಮ್ ಮನೆಯವಳ ಗಾಜಿನ ಬೀರುಗೆ ಚೆನ್ನಾಗಿರತ್ತೆ."

ಅದು ನನ್ನ ಮುತ್ತಜ್ಜ ಜೆಫನಾಯನದು. ನಾನು ಮುಷ್ಟಿ ಎತ್ತಿದೆ. ಅತ್ತೆ ನನ್ನ ತೋಳು ಹಿಡಿದಳು.

"ಹೊಡೀಬ್ಯಾಡ ಕಣ್ಲಾ," ಎಂದಳು. ಶಂಖ ಕಿತ್ತ ಗುಳಿಯೊಳಕ್ಕೆ ರಮ್ ಎರೆದಳು. "ಸಾಯೇಬ್ರು ಅಳತೆ ಮಾಡ್ಲಿ. ಬಾ, ಅಲೆ ಬತ್ತಾ ಅದೆ."

ಮೊದಲನೆಯದು ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಇಬ್ಬರೂ ಹಾರಿ ದೋಣಿಯಲ್ಲಿದ್ದೆವು. ಲಿಂಡೆಲ್ ನಮ್ಮ ಮುಖ ನೋಡಿದ, ಇಂಜಿನ್ನಿನ ಹಗ್ಗ ಎಳೆದ.

ಸಾಹೇಬರು ಬಂಡೆಯ ಅಂಚಿಗೆ ಓಡಿಬಂದರು. "ಏಯ್! ನನ್ನ ಬಿಟ್ಟು ಎಲ್ಲಿಗ್ರೋ, ಸೂಳೆಮಕ್ಳಾ!"

"ಬರ್ಕಳಿ ಸಾಮಿ!" ಅತ್ತೆ ಕೂಗಿದಳು. "ಜನಸಂಖ್ಯೆ ಒಂದು!"

"ಇಲ್ಲಿ ಕುಡಿಯೋಕೆ ನೀರಿಲ್ಲ!"

"ಅದ್ನ ಆಗ್ಲೇ ಬರ್ಕಂಡಿದ್ದೀರಲ್ಲ ಸಾಮಿ!"

ಸಾಹೇಬರು ಅಲೆ ನೋಡಿದರು, ಎಣಿಸಲು ಹೋಗಿ ಹಿಂದೆ ಸರಿದರು. ನಮ್ಮ ಕಡೆ ದೋಣಿ ಕರೆಯಲು ಶಂಖ ಊದುತ್ತಾರೆಂದು ಅವರಿಗೂ ಗೊತ್ತಿತ್ತು. ಕಿತ್ತ ಶಂಖವನ್ನೇ ಬಾಯಿಗಿಟ್ಟು ಕೆನ್ನೆ ಉಬ್ಬಿಸಿ ಊದಿದರು. ಗೋರಿಯ ಶಂಖಕ್ಕೆ ನಾವು ಊದುವ ತೂತು ಕೊರೆಯುವುದಿಲ್ಲ. ಸದ್ದೇ ಬರಲಿಲ್ಲ.

"ಯಾವಾಗ ಬರ್ತೀರಪ್ಪಾ?" ಈಗ ನಾವು ಅಪ್ಪಂದಿರಾಗಿದ್ದೆವು.

ಅತ್ತೆ ಬಾಟಲಿಗೆ ಬಿರಡೆ ಹಾಕಿ, ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗಿದಳು.

"ಕಾಯ್ತಿರಿ ಸಾಮಿ! ಇನ್ನೊಂದ್ ಹಡಗು ಬತ್ತದೆ!"