ಮೈಲಿಗಲ್ಲಿಗೆ ಮೊದಲು

ಮೂವರು ಚಟ್ಟ ಎತ್ತಿದರು. ನಾಲ್ಕನೆಯ ಮೂಲೆ ಜೋತುಬಿದ್ದಿತು. ಮತ್ತೆ ಅಂಗಳದಲ್ಲೇ ಇಳಿಸಿದರು. ೧೯೧೮ರ ಅಕ್ಟೋಬರ್. ಕ್ವಾಲಾಲಂಪುರದ ಆ ಸಾಲುಮನೆಗಳಲ್ಲಿ ಅರ್ಧ ಜನ ಜ್ವರದಲ್ಲಿ ಮಲಗಿದ್ದರು. ಉಳಿದವರಿಗೆ ಹೆಣದ ಹತ್ತಿರ ಬರಲು ಭಯ. ನಾಣಿಯನ್ನು ಅದೇ ಜ್ವರ ನಾಲ್ಕು ದಿನದಲ್ಲಿ ಮುಗಿಸಿತ್ತು.

ಹೆಗಲು ಕೊಡಬಲ್ಲ ಇನ್ನೊಬ್ಬ ರಸ್ತೆಯಾಚೆಯೇ ನಿಂತಿದ್ದ: ನಾಣಿಯ ಹೆಂಡತಿ ಮಹಾಲಕ್ಷ್ಮಿಯ ಅಣ್ಣ ಐತಪ್ಪ. ಹತ್ತು ವರ್ಷದ ಹಿಂದೆ ನಾಣಿ ಓಡಿಸುತ್ತಿದ್ದ ಮೋಟಾರಿನಡಿ ಐತಪ್ಪನ ಹೆಂಡತಿ ಸತ್ತಿದ್ದಳು. ಮಹಾಲಕ್ಷ್ಮಿ ಗಂಡನ ಪಕ್ಕ ನಿಂತಳು. ಅಂದಿನಿಂದ ಅಣ್ಣನ ಮನೆ ಕಂಡಿರಲಿಲ್ಲ. ಕರೆಯಲು ಹೋದವರಿಗೆ ಐತಪ್ಪ, ತಂಗಿಯ ಮುಖ ನೋಡಲು ಬಂದೆ, ಅವನನ್ನು ಹೊರಲಿಕ್ಕಲ್ಲ ಎಂದಿದ್ದ.

*

ಮೋಟಾರು ಇಂಗ್ಲೆಂಡಿನ ಯಾವುದೋ ಲಾರ್ಡಿನ ಕಿರಿಯ ಮಗನದು. ಪೆಟಾಲಿಂಗ್ ಕಡೆ ಅವನ ರಬ್ಬರ್ ತೋಟವಿತ್ತು. ತೋಟದಿಂದ ಊರಿನ ಮೈಲಿಗಲ್ಲಿನವರೆಗೆ ಕೆಸರು, ಗುಂಡಿಗಳಲ್ಲಿ ಓಡಿಸುವವನು ನಾಣಿ. ಕಲ್ಲಿನ ಬಳಿ ಗಾಡಿ ನಿಲ್ಲುತ್ತಿತ್ತು. ದೊರೆ ಕೋಟಿನ ಧೂಳು ಕೊಡವಿ ಸ್ಟಿಯರಿಂಗ್ ಹಿಡಿಯುತ್ತಿದ್ದ. ನಾಣಿ ಪಕ್ಕಕ್ಕೆ ಸರಿದು ಹಾರನ್ ಒತ್ತುತ್ತಿದ್ದ. ಕ್ಲಬ್ಬಿನ ಮೆಟ್ಟಿಲ ಮೇಲಿದ್ದವರು ದೊರೆಗೆ ಟೋಪಿ ಎತ್ತುತ್ತಿದ್ದರು.

ಈ ಏರ್ಪಾಡು ಊರಿಗೆಲ್ಲ ಗೊತ್ತಿತ್ತು. ಅಪಘಾತವಾದದ್ದು ಮೈಲಿಗಲ್ಲಿಗೆ ಮೊದಲು; ಹಾಗಾಗಿ ಯಾರು ಓಡಿಸಿದ್ದೆಂದು ಯಾರೂ ಕೇಳಲಿಲ್ಲ. ನಾಣಿಯೂ ಒಪ್ಪಿಕೊಂಡ. ಆರು ತಿಂಗಳು ಜೈಲು. ಹೊರಬರುವಷ್ಟರಲ್ಲಿ ದೊರೆ ಮೋಟಾರಿನ ಸಮೇತ ಹಡಗು ಹತ್ತಿದ್ದ. ಆಮೇಲೆ ನಾಣಿ ಎತ್ತಿನಗಾಡಿ ಹೊಡೆದ.

*

ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಮೂವರಲ್ಲೊಬ್ಬ ಸೂರ್ಯನಾರಾಯಣ, ಹಿಂದೆ ಅದೇ ಮೋಟಾರು ತೊಳೆಯುತ್ತಿದ್ದವನು, ಮಹಾಲಕ್ಷ್ಮಿಯ ಬಳಿ ಬಂದ.

"ಅಕ್ಕ, ಈಗಲಾದ್ರೂ ಐತಪ್ಪಣ್ಣನಿಗೆ ಹೇಳಿಬಿಡಿ. ಇನ್ನು ಯಾರ ಮರ್ಯಾದೆ ಉಳಿಸ್ಲಿಕ್ಕುಂಟು?"

"ಎಂತ ಹೇಳ್ಬೇಕು?"

ಅವನು ಅವಳ ಮುಖವನ್ನೇ ನೋಡಿದ. "ಆವತ್ತು ಓಡಿಸಿದ್ದು ದೊರೆ ಅಂತ. ಕಲ್ಲಿನ ತನಕ ಕಾಯ್ಲಿಕ್ಕಾಗ್ಲಿಲ್ಲ ಅವನಿಗೆ. ನಾನು ಹಿಂದೆ ಕೂತಿದ್ದೆ. ನಿಮಗಾದ್ರೂ ಗೊತ್ತುಂಟು ಅಂತ ಗ್ರಹಿಸಿದ್ದೆ."

ತಪ್ಪು ಹೊತ್ತುಕೊಂಡರೆ ಕೆಲಸ ಕಾಯಂ ಎಂದು ದೊರೆ ಮಾತು ಕೊಟ್ಟಿದ್ದನಂತೆ. ಅವನು ಓಡಿಹೋದ ಮೇಲೂ ನಾಣಿ ಸುಮ್ಮನಿದ್ದ. ಕೊಂದವನನ್ನು ಕಾಪಾಡಿದೆ ಎಂದು ಹೇಳುವುದಕ್ಕಿಂತ ನಾನೇ ಕೊಂದೆ ಎಂದಿರುವುದು ವಾಸಿ ಎನ್ನುತ್ತಿದ್ದನಂತೆ. ಸೂರ್ಯನಾರಾಯಣನಿಂದಲೂ ಆಣೆ ಹಾಕಿಸಿಕೊಂಡಿದ್ದ.

ಮಹಾಲಕ್ಷ್ಮಿ ರಸ್ತೆ ದಾಟಿದಳು. ಹತ್ತು ವರ್ಷದಲ್ಲಿ ಮೊದಲ ಸಲ ಅಣ್ಣನೆದುರು ನಿಂತು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು.

"ನಿನ್ನ ಹತ್ರವೂ ಹೇಳಿರ್ಲಿಲ್ವಾ ಅವನು?" ಎಂದ ಐತಪ್ಪ.

"ಇಲ್ಲ. ನಿನ್ನನ್ನು ಬಿಟ್ಟು ಅವರ ಕಡೆ ನಿಂತೆನಲ್ಲ, ಆವತ್ತೂ ಹೇಳ್ಲಿಲ್ಲ. ಹತ್ತು ವರ್ಷ ನನ್ನನ್ನೂ ಮೋಸದಲ್ಲೇ ಇಟ್ರು."

ಐತಪ್ಪ ಅಂಗಳಕ್ಕೆ ಬಂದ. ಹೆಣದ ಮುಖದ ಬಳಿ ಬಗ್ಗಿ, "ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ, ಮಾರಾಯ?" ಎಂದ. ಆಮೇಲೆ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಹೆಗಲ ಮೇಲೆ ಮಡಚಿಟ್ಟು ನಾಲ್ಕನೆಯ ಮೂಲೆ ಎತ್ತಿದ. ನಾಲ್ವರಲ್ಲಿ ಅತ್ತವನು ಅವನೊಬ್ಬನೇ.

ರಸ್ತೆಯ ತಿರುವಿನಲ್ಲಿ, ತಂಗಿಗೆ ಕೊನೆಯ ಸಲ ಕಾಣಲಿ ಎಂದು, ಚಟ್ಟವನ್ನು ಒಂದು ಕ್ಷಣ ನಿಲ್ಲಿಸಲು ಹೇಳಿ ಐತಪ್ಪ ಹೊರಳಿ ನೋಡಿದ.

ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಗಿಲು ಆಗಲೇ ಮುಚ್ಚಿತ್ತು.