ಒಣ ಕುಪ್ಪಸ

"ಯಾರ್ ಕುಪ್ಪಸ ಹಸಿ ಅದ, ಅಕಿ ತಾನಾಗೇ ಹೊರಗ ಬರ್ಲಿ. ರಂಡೇರಿಗಿ ಕೂಲಿನೂ ಪೂರಾ ಬೇಕು, ಕೂಸಿಗಿ ಮೊಲಿ ಕುಡಸ್ಲಾಕ ಪುರ್ಸತ್ತೂ ಬೇಕು."

ಅಫಜಲಪುರದ ಬೇಳೆ ಮಿಲ್ಲಿನ ಮುನೀಮ ಮಾಳಿಂಗಪ್ಪ, ಮಧ್ಯಾಹ್ನದ ಬುತ್ತಿ ಮುಗಿದೊಡನೆ ಬೇಳೆ ಕೇರುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಬಡಿಗೆಯ ತುದಿಯಿಂದ ಸೆರಗು ಸರಿಸಿ ನೋಡುತ್ತಿದ್ದ. ಸಾಬಮ್ಮ ಉಸಿರು ಬಿಗಿಹಿಡಿದು ನಿಂತಳು. ಕುಪ್ಪಸದೊಳಗೆ ಗಂಡನ ಹಳೆಯ ರುಮಾಲು ಸುತ್ತಿಕೊಂಡಿದ್ದಳು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು.

ಹೋದ ವರ್ಷ ಇವರೆಲ್ಲ ಗೇಟಿನ ಮುಂದೆ ಧರಣಿ ಕೂತು ಕೂಲಿ ಹೆಚ್ಚಿಸಿಕೊಂಡಿದ್ದರು. ಲೇಬರ್ ಸಾಹೇಬ ಬಂದು ಗೊತ್ತು ಮಾಡಿಹೋದ ಕೂಲಿ. ಅದಕ್ಕೆ ಕೈ ಹಚ್ಚುವ ಧೈರ್ಯ ಸಾವುಕಾರ ಬಸವಂತರಾಯನಿಗಿರಲಿಲ್ಲ. ಆದರೆ ಅವನೇನು ಕಡಿಮೆ ಆಸಾಮಿಯೇ? ಮೊದಲು ನಾಲ್ವರ ಕೆಲಸ ಮೂವರ ಮೇಲೆ ಬಿತ್ತು. ಆಮೇಲೆ ಚಹಾದ ಬಿಡುವು ಹೋಯಿತು. ಕೊನೆಗೆ ಅಂಗಳದ ಬೇವಿನ ಗಿಡಕ್ಕೆ ಕಟ್ಟಿದ್ದ ಕೂಸುಗಳ ಜೋಲಿಗಳನ್ನು ಬಿಚ್ಚಿಸಿ, ಮೊಲೆಗೂಸಿನ ತಾಯಂದಿರಿಗೆ ಇಲ್ಲಿ ಕೆಲಸವಿಲ್ಲವೆಂದ. ಕೂಲಿಯಲ್ಲಿ ಮಾತ್ರ ಬಿಡಿಕಾಸು ಮುರಿಯಲಿಲ್ಲ, ಪುಣ್ಯಾತ್ಮ.

ಸೊಲ್ಲಾಪುರಕ್ಕೆ ದುಡಿಯಲು ಹೋದ ಗಂಡನ ಸುದ್ದಿಯಿಲ್ಲ. ಸಾಬಮ್ಮ ಏನು ಮಾಡಿಯಾಳು? ಕೂಸು ಸತ್ತಿತೆಂದು ಸುಳ್ಳು ಹೇಳಿ ಕೆಲಸ ಉಳಿಸಿಕೊಂಡಳು. ಅವಳ ಗುಡಿಸಲು ಮಿಲ್ಲಿನ ಗೋಡೆಗೇ ಅಂಟಿಕೊಂಡಿತ್ತು. ಅಳು ಮುನೀಮನ ಕಿವಿಗೆ ಬೀಳಬಾರದೆಂದು ಅತ್ತೆ ನಿಂಬೆವ್ವ ದಿನಾ ಕೂಸಿಗೆ ಚೂರು ಅಫೀಮು ನೆಕ್ಕಿಸಿ ಮಲಗಿಸುತ್ತಿದ್ದಳು.

ತಪಾಸಣೆ ಮುಗಿದು ಮೊರಗಳು ಮತ್ತೆ ಮೇಲೆದ್ದವು. ಅಷ್ಟರಲ್ಲಿ ನಿಂಬೆವ್ವ ಕೂಸನ್ನು ಅವಚಿಕೊಂಡು ಗೇಟಿನೊಳಗೆ ನುಗ್ಗಿದಳು. ಎಷ್ಟು ತಟ್ಟಿದರೂ ಏಳುತ್ತಿಲ್ಲ, ಕಣ್ಣೇ ತೆರೆಯುತ್ತಿಲ್ಲವೆಂದು ಎದೆ ಬಡಿದುಕೊಂಡಳು.

ಸಾಬಮ್ಮನಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು, ಕೂಸು ಸತ್ತಿತೆಂದು ನುಡಿದ ತನ್ನ ನಾಲಿಗೆಯ ಮೇಲೆ. ಮೊರ ಎಸೆದು ಕೂಸನ್ನು ಕಸಿದುಕೊಂಡಳು. ಲಾರಿಗೆ ತುಂಬಲು ಹಸನು ಮಾಡಿಟ್ಟ ಬೇಳೆಯ ರಾಶಿ, ಬರಿಗಾಲಲ್ಲೂ ಯಾರೂ ತುಳಿಯದ ರಾಶಿ. ಅದನ್ನೇ ಏರಿ ಕುಳಿತು, ರುಮಾಲು ಕಿತ್ತೊಗೆದು, ಮೊಲೆಯನ್ನು ಕೂಸಿನ ಬಾಯಿಗಿಟ್ಟಳು. ಹಾಲು ತುಟಿ ದಾಟಿ, ಗದ್ದ ದಾಟಿ ಬೇಳೆಗಿಳಿಯಿತು. ಒಂದು ಗುಟುಕೂ ಒಳಗೆ ಹೋಗಲಿಲ್ಲ.

"ಕೂಸು ಸತ್ತದ ಅಂದಿದ್ದಿ ಅಲ್ಲ ಬೇ, ಸುಳ್ಳ ಬೋಸುಡಿ," ಎಂದು ಮಾಳಿಂಗಪ್ಪ ಒದರಿದ.

"ಈಗ ಖರೇ ಆಗ್ಯದ್ರಿ," ಅಂದಳು ಸಾಬಮ್ಮ.

ಗದ್ದಲ ಕೇಳಿ ಸಾವುಕಾರ ಹೊರಗೆ ಬಂದ. ಕೂಸನ್ನು ನೋಡಲಿಲ್ಲ, ಬೇಳೆಯನ್ನು ನೋಡಿದ.

"ಲಾರಿ ನಿಂತದ. ಅಕಿಗಿ ಕೆಳಗ ಇಳಸ್ರಿ, ಮಾಲ್ ಹೊಲಸಾಗ್ತದ."

ಅವಳನ್ನು ಇಳಿಸಲು ಹೆಂಗಸರು ಯಾರೂ ಮುಂದೆ ಬರಲಿಲ್ಲ. ಮೊರಗಳನ್ನು ಒಂದೊಂದಾಗಿ ನೆಲಕ್ಕಿಟ್ಟರು. ಸಾಬಮ್ಮ ಕೂಸನ್ನು ಹೊರಳಿಸಿ, ಇನ್ನೊಂದು ಮೊಲೆಯನ್ನು ಅದರ ಬಾಯಿಗಿಟ್ಟಳು.